ಜುಕಿ ಡಿಡಿಎಲ್-8700: ನಾಲ್ಕು ವರ್ಷಗಳ ಬಳಕೆಯ ನಂತರ

ಒಂದೇ ಸೂಜಿಯ ಈ ಲಾಕ್‌ಸ್ಟಿಚ್ (ಮೇಲಿನ ಮತ್ತು ಕೆಳಗಿನ ದಾರಗಳನ್ನು ಹೆಣೆಯುವ) ಕೈಗಾರಿಕಾ ಹೊಲಿಗೆ ಯಂತ್ರವನ್ನು ನಾಲ್ಕು ವರ್ಷಗಳಿಂದ ಹೆಚ್ಚುಕಡಿಮೆ ಪ್ರತಿದಿನವೂ ಬಳಸುತ್ತಿದ್ದೇನೆ. ಹತ್ತಿ ಬಟ್ಟೆಯಿಂದ ಮಧ್ಯಮ ದಪ್ಪದ ಡೆನಿಮ್‌ವರೆಗೆ ಹೊಲಿಗೆ ಸಮವಾಗಿ, ನೇರವಾಗಿ ಬೀಳುತ್ತದೆ. ಆದರೆ ಇದು ನೇರ ಹೊಲಿಗೆಯನ್ನಷ್ಟೇ ಹಾಕುವ ಯಂತ್ರ; ಜಿಗ್‌ಜಾಗ್ ಬೇಕೆನ್ನುವವರಿಗೆ ಹೇಳಿದ್ದಲ್ಲ.

ಮೊದಲ ವಾರ ಹೊಲಿಗೆ ತಪ್ಪುತ್ತಿತ್ತು, ದಾರ ತುಂಡಾಗುತ್ತಿತ್ತು. ಯಂತ್ರವೇ ಕೆಟ್ಟದ್ದೆಂದು ಬೈದುಕೊಂಡೆ, ಆದರೆ ಸೂಜಿಯನ್ನು ಓರೆಯಾಗಿ ಹಾಕಿದ ತಪ್ಪು ನನ್ನದಾಗಿತ್ತು. ಮನೆಯ ಯಂತ್ರದ ಸೂಜಿಯ ಬುಡದಲ್ಲಿ ಒಂದು ಬದಿ ಚಪ್ಪಟೆಯಾಗಿರುವುದರಿಂದ ಅದನ್ನು ತಿರುಗಿಸಿ ಹಾಕಲು ಸಾಧ್ಯವಾಗುವುದಿಲ್ಲ. ಇಲ್ಲಿ ಬಳಸುವ ಡಿಬಿ×1 ಸೂಜಿಯ ಬುಡ ಪೂರ್ತಿ ದುಂಡಗಿರುತ್ತದೆ, ಹೇಗೆ ಹಾಕಿದರೂ ಕೂರುತ್ತದೆ. ಸೂಜಿಯ ಉದ್ದನೆಯ ತೋಡು ಎಡಕ್ಕೂ, ಕಣ್ಣಿನ ಮೇಲಿನ ತಗ್ಗು ನೇರವಾಗಿ ಬಲಕ್ಕೂ ಇರುವಂತೆ ಸೂಜಿಯನ್ನು ಪೂರ್ತಿ ಮೇಲಕ್ಕೆ ತಳ್ಳಿ ಸ್ಕ್ರೂ ಬಿಗಿಗೊಳಿಸಬೇಕು. ದಾರವನ್ನು ಎಡದಿಂದ ಬಲಕ್ಕೆ ಪೋಣಿಸಬೇಕು. ಸೂಜಿಗೂ, ಕೆಳಗೆ ತಿರುಗುತ್ತಾ ಸೂಜಿಯ ದಾರವನ್ನು ಹಿಡಿಯುವ ಹುಕ್ಕಿನ ತುದಿಗೂ ನಡುವೆ ಇರಬೇಕಾದ ಅಂತರ 0.04ರಿಂದ 0.1 ಮಿ.ಮೀ. ಮಾತ್ರ. ಹೀಗಿರುವಾಗ ಸೂಜಿ ತುಸು ಓರೆಯಾದರೂ ಹುಕ್ಕಿಗೆ ದಾರದ ಕುಣಿಕೆ ಸಿಗದಿರುವುದರಲ್ಲಿ ಆಶ್ಚರ್ಯವೇನಿಲ್ಲ.

ನಿಜಕ್ಕೂ ಬೇಸರ ತರಿಸಿದ್ದು ಬೇರೆ ಕಡೆಯಿಂದ ಕೊಂಡ ಕ್ಲಚ್ ಮೋಟಾರು. ಹೊಲಿಯದಿದ್ದಾಗಲೂ ಅದು ಗುಂಯ್‌ಗುಡುತ್ತಾ ತಿರುಗುತ್ತಿತ್ತು, ಪೆಡಲಿನ ಮೇಲೆ ಕಾಲಿಟ್ಟೊಡನೆ ಬಟ್ಟೆಯನ್ನು ಎಳೆದುಕೊಂಡು ಹೋಗುತ್ತಿತ್ತು. ವರ್ಷದ ನಂತರ ಪೆಡಲ್ ಒತ್ತಿದಾಗಷ್ಟೇ ತಿರುಗುವ, ನಿಧಾನವಾಗಿಯೂ ಓಡಿಸಬಹುದಾದ 550 ವ್ಯಾಟ್‌ನ ಸರ್ವೋ ಮೋಟಾರು ಹಾಕಿಸಿದೆ. ಕಾಲರಿನ ತಿರುವಿನಲ್ಲಿ ಒಂದೊಂದೇ ಹೊಲಿಗೆ ಹಾಕುವುದು ಆಗಲೇ ಸಾಧ್ಯವಾಯಿತು. ಮೋಟಾರು ಬದಲಿಸಿದವರು ಮೊದಲು ನೋಡಬೇಕಾದದ್ದು ಅದು ತಿರುಗುವ ದಿಕ್ಕನ್ನು: ಕೈಚಕ್ರದ ಮೇಲಂಚು ಹೊಲಿಯುವವರ ಕಡೆಗೇ ತಿರುಗಬೇಕು.

ಆದರೆ ನಿಧಾನವಾಗಿ ಹೊಲಿಯುವ ಈ ಅನುಕೂಲವೇ ಎಣ್ಣೆಯ ವಿಷಯದಲ್ಲಿ ಹೊಸ ಚಿಂತೆ ತಂದಿತು. ಯಂತ್ರದ ತಲೆಯನ್ನು ಹಿಂದಕ್ಕೆ ಮಲಗಿಸಿ, ಕೆಳಗಿನ ತಟ್ಟೆಯಲ್ಲಿ ಮೇಲಿನ ಮತ್ತು ಕೆಳಗಿನ ಗುರುತುಗಳ ನಡುವೆ ಎಣ್ಣೆ ತುಂಬಿಸಿದರೆ, ಮುಂದಿನದನ್ನು ಒಳಗಿನ ಪಂಪು ನೋಡಿಕೊಳ್ಳುತ್ತದೆ ಎಂದು ನಾನು ನಿಶ್ಚಿಂತೆಯಿಂದಿದ್ದೆ. ಆದರೆ ನಿಮಿಷಕ್ಕೆ 5,500 ಹೊಲಿಗೆಯವರೆಗೆ ಓಡಬಲ್ಲ ಈ ಯಂತ್ರವನ್ನು ದಿನವಿಡೀ ಆಮೆಯಂತೆ ನಡೆಸಿದರೆ ಪಂಪು ಎಣ್ಣೆಯನ್ನು ಸರಿಯಾಗಿ ಮೇಲಕ್ಕೆತ್ತುವುದಿಲ್ಲ. ಮೇಲಿನ ಗಾಜಿನ ಕಿಂಡಿಯಲ್ಲಿ ಎಣ್ಣೆ ಚಿಮ್ಮುವುದು ಕಾಣಿಸದಿದ್ದಾಗ ನನಗೆ ಇದು ಹೊಳೆಯಿತು. ಈಗ ದಾರ ಬಿಚ್ಚಿ, ಕೆಳದಾರದ ಬಾಬಿನ್ ಕೇಸ್ ತೆಗೆದು, ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಪಾದವನ್ನು ಎತ್ತಿಟ್ಟು ಆಗಾಗ ಕೆಲವು ನಿಮಿಷ ವೇಗವಾಗಿ ಓಡಿಸುತ್ತೇನೆ. ಹುಕ್ಕಿನ ಬಳಿ ಕಾಗದದ ಚೂರು ಹಿಡಿದಾಗ ಅದರ ಮೇಲೆ ಎಣ್ಣೆಯ ತೆಳುವಾದ ಗೆರೆ ಮೂಡಿದರೆ ಸಾಕು. ದಪ್ಪ ಗೆರೆ ಬಿದ್ದರೆ ಬಿಳಿ ಬಟ್ಟೆಗೆ ಕಲೆ ಖಂಡಿತ, ಆಗ ಹುಕ್ಕಿಗೆ ಹೋಗುವ ಎಣ್ಣೆಯನ್ನು ಹೊಂದಾಣಿಕೆಯ ಸ್ಕ್ರೂವಿನಿಂದ ಕಡಿಮೆ ಮಾಡಬೇಕು. ಹೊಲಿಗೆ ಯಂತ್ರಕ್ಕೆಂದೇ ಸಿಗುವ ತೆಳುವಾದ ಎಣ್ಣೆಯ ಹೊರತು ಬೇರೇನನ್ನೂ ಹಾಕಿಲ್ಲ.

ಉಳಿದ ನಿರ್ವಹಣೆ ಹೆಚ್ಚೇನಿಲ್ಲ. ಸಂಜೆ ಬ್ರಷ್ಷಿನಿಂದ ಬಟ್ಟೆಯನ್ನು ಮುಂದೆ ಸರಿಸುವ ಹಲ್ಲುಗಳ ಸಂದಿನ ನೂಲಿನ ಧೂಳನ್ನು ತೆಗೆಯುತ್ತೇನೆ. ಊದುವುದಿಲ್ಲ, ಊದಿದರೆ ಅದು ಒಳಕ್ಕೇ ಹೋಗುತ್ತದೆ. ಈವರೆಗೆ ಬದಲಿಸಿದ ಭಾಗಗಳೆಂದರೆ ಬೆಲ್ಟು, ಒಂದು ಬಾಬಿನ್ ಕೇಸ್ ಮತ್ತು ಲೆಕ್ಕವಿಡದಷ್ಟು ಸೂಜಿಗಳು. ಹುಕ್ಕು ಮಾತ್ರ ಇನ್ನೂ ಮೊದಲಿನದೇ ಇದೆ.