ಗಾಲ್ಫ್ ಕಲಿಯೋಕೆ ಪೂರ್ತಿ ದುಡ್ಡು ಮುಂಗಡ ಕಟ್ಟಬೇಡಿ, ನಾನು ಕಟ್ಟಿ ಮೋಸ ಹೋದೆ

ಬೆಂಗಳೂರಲ್ಲಿ ಗಾಲ್ಫ್ ಕಲಿಯಬೇಕು ಅಂತ ಹೊರಟಿರುವವರು, ಅದರಲ್ಲೂ ನನ್ನ ಹಾಗೆ ನಲವತ್ತು ದಾಟಿದ ಮೇಲೆ ಮೊದಲ ಸಲ ಕ್ಲಬ್ (ಚೆಂಡು ಹೊಡೆಯುವ ದಾಂಡು) ಹಿಡಿಯುವವರು, ದಯವಿಟ್ಟು ಇದನ್ನು ಓದಿ ಆಮೇಲೆ ದುಡ್ಡು ಕೊಡಿ. ಫೀಸು ಅಂತ 36,000 ರೂಪಾಯಿ ಕೊಟ್ಟೆ. ಕ್ಲಬ್ ಸೆಟ್ಟಿಗೆ ಅಂತ ಇನ್ನೂ 42,000 ಹೋಯಿತು. ದುಡ್ಡಿಗಿಂತ ಜಾಸ್ತಿ, ನಾಲ್ಕು ತಿಂಗಳು ಒಂದು ಕೋಲು ಇಟ್ಟು ನನ್ನನ್ನು ಯಾಮಾರಿಸಿದರಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಜಾಗದ ಹೆಸರು, ಕೋಚ್ ಹೆಸರು ಇಲ್ಲಿ ಹಾಕುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ನಡೆಯುತ್ತಿದೆ. ಹೇಗೆ ಮಾಡಿದರು ಅನ್ನುವುದಾದರೂ ನಿಮಗೆ ಗೊತ್ತಿರಲಿ.

ಈ ಆಸೆ ಯಾಕೆ ಹುಟ್ಟಿತು ಅಂದರೆ, 2021ರ ಆಗಸ್ಟ್ 7, ಶನಿವಾರ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಕೊನೆಯ ಸುತ್ತು ಆಡುತ್ತಿದ್ದರು. ಅವರ ಬ್ಯಾಗ್ ಹೊತ್ತಿದ್ದು ಅವರ ಅಮ್ಮ. ನಾನೂ ಮಗಳೂ ಬೆಳಿಗ್ಗೆಯೇ ಎದ್ದು ಟೀವಿ ಮುಂದೆ ಕೂತಿದ್ದೆವು, ಆಟದ ಲೆಕ್ಕ ಪೂರ್ತಿ ಅರ್ಥ ಆಗದಿದ್ದರೂ. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ ಬಂತು. ಅವತ್ತೇ ಅಂದುಕೊಂಡಿದ್ದೆ, ಒಂದು ದಿನ ನಾನೂ ಕಲಿಯಬೇಕು ಅಂತ. ಹೈಗ್ರೌಂಡ್ಸ್ ಹತ್ತಿರದ ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು, ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗಲೆಲ್ಲ ಒಳಗಿನ ಹಸಿರು ನೋಡುತ್ತಾ ಬೆಳೆದವಳು ನಾನು. ಅಂಥ ಕಡೆಯ ಮೆಂಬರ್‌ಶಿಪ್ ನಮ್ಮಂಥವರಿಗೆ ಎಟುಕುವುದಿಲ್ಲ. ಹಾಗಾಗಿ ಊರಾಚೆಯ ಒಂದು ಡ್ರೈವಿಂಗ್ ರೇಂಜ್‌ಗೆ, ಅಂದರೆ ನಿಂತಲ್ಲೇ ಚೆಂಡು ಹೊಡೆದು ಅಭ್ಯಾಸ ಮಾಡುವ ಜಾಗಕ್ಕೆ ಹೋದೆ.

ಮೊದಲ ದಿನ ಕೋಚ್ ತುಂಬಾ ಮರ್ಯಾದೆಯಿಂದ ಮಾತಾಡಿದರು. ಒಂದೊಂದೇ ಪಾಠ ಆದರೆ 2,200, 20 ಪಾಠದ ಪ್ಯಾಕೇಜ್ ಆದರೆ 36,000. "ಇವತ್ತೇ ಕಟ್ಟಿದ್ರೆ ಮಾತ್ರ ಈ ರೇಟು ಮೇಡಂ." ಇಂಥ ಮಾತು ಎಲ್ಲಾ ಕಡೆ ಕೇಳಿರುತ್ತೀವಿ, ಆದರೂ ಕಟ್ಟಿಬಿಟ್ಟೆ. ರಸೀದಿ ಕೇಳಿದ್ದಕ್ಕೆ ವಾಟ್ಸಾಪ್‌ನಲ್ಲಿ "ರಿಸೀವ್ಡ್ ಮೇಡಂ" ಅಂತ ಬಂತು, ಅಷ್ಟೇ.

ನನ್ನ ತೊಂದರೆ ಎಲ್ಲಾ ಹೊಸಬರದ್ದೇ, ಸ್ಲೈಸ್. ಚೆಂಡು ನೆಟ್ಟಗೆ ಹೊರಟು ಆಮೇಲೆ ಬಲಕ್ಕೆ ತಿರುಗಿ ಎಲ್ಲೋ ಹೋಗಿ ಬೀಳುತ್ತಿತ್ತು. ಎರಡು ಪಾಠ ಹಾಗೇ ಹೋಯಿತು. ಮೂರನೇ ಪಾಠಕ್ಕೆ ಕೋಚ್ ಒಂದು ಕೆಂಪು ಕೋಲು ತಂದು ನಾನು ಹೊಡೆಯುವ ಮ್ಯಾಟ್ ಪಕ್ಕ ನೆಲದ ಮೇಲೆ ಇಟ್ಟರು. ದಿಕ್ಕು ಸರಿ ಇರಲಿ ಅಂತ ಈ ಕೋಲು ಎಲ್ಲರೂ ಇಡುತ್ತಾರೆ, ದೊಡ್ಡ ಆಟಗಾರರೂ ಇಡುತ್ತಾರೆ, ಅದಕ್ಕೇ ನನಗೆ ಏನೂ ಅನುಮಾನ ಬರಲಿಲ್ಲ. "ಕಾಲಿನ ಬೆರಳು ಈ ಕೋಲಿಗೆ ಸಮ ಇರ್ಲಿ ಮೇಡಂ, ಮಿಕ್ಕಿದ್ದು ನೀವು ಯೋಚನೆ ಮಾಡ್ಬೇಡಿ" ಅಂದರು. ನಾನು ಯೋಚನೆ ಮಾಡಲಿಲ್ಲ. ಹೊಡೆದೆ. ಚೆಂಡು ನೇರ 100 ಗಜದ ಬಾವುಟದ ಹತ್ತಿರ ಬಿತ್ತು. ಇನ್ನೊಂದು ಹೊಡೆದೆ, ಅದೂ ಅಲ್ಲೇ. "ನೋಡಿ ಮೇಡಂ, ಸ್ಲೈಸ್ ಹೋಯ್ತು!" ಅಂತ ಚಪ್ಪಾಳೆ ತಟ್ಟಿ ವಿಡಿಯೊ ಮಾಡಿದರು. ಆ ವಿಡಿಯೊ ನಾನು ನೆಂಟರ ಗ್ರೂಪಿಗೆಲ್ಲ ಕಳಿಸಿದ್ದೆ. ಅದೇ ಖುಷಿಯಲ್ಲಿ ಅವರು ತೋರಿಸಿದ ಕ್ಲಬ್ ಸೆಟ್ಟನ್ನೂ ತೆಗೆದುಕೊಂಡೆ. "ನಿಮ್ಮ ಅಳತೆಗೇ ಫಿಟ್ ಮಾಡ್ಸಿದ್ದು" ಅಂದಿದ್ದರು.

ಆಮೇಲೆ ಪ್ರತಿ ಪಾಠದಲ್ಲೂ ಇದೇ. ಅವರೇ ಬಂದು ಕೋಲು ಇಡುವುದು, ನಾನು ಹೊಡೆಯುವುದು, ಅವರು ಫೋನ್ ಹಿಡಿದು ಆಚೆ ಹೋಗುವುದು. ಪ್ರತಿ ಸಲ ಅವರೇ ಇಡುತ್ತಿದ್ದರು. ನನ್ನ ಕೈಗೆ ಒಂದು ಸಲವೂ ಆ ಕೋಲು ಕೊಡಲಿಲ್ಲ, ಅದು ನನಗೆ ಈಗ ಹೊಳೆಯುತ್ತಿದೆ.

ಹನ್ನೆರಡು ಪಾಠ ಆದ ಮೇಲೆ ಆಫೀಸಿನ ಮೂವರ ಜೊತೆ ಮೊದಲ ಸಲ ನಿಜವಾದ ಗಾಲ್ಫ್ ಮೈದಾನಕ್ಕೆ ಹೋದೆ. ಅಲ್ಲಿ ಕೋಲು ಇಲ್ಲ, ಬಾವುಟ ನೋಡಿ ನಿಂತು ಹೊಡೆದೆ. ಚೆಂಡು ಬಲಗಡೆ ಮರಗಳ ಒಳಗೆ. ಇನ್ನೊಂದು ಇಟ್ಟೆ, ಅದೂ ಮರದೊಳಗೆ. ಮೂರು ಹೋಲ್‌ನಲ್ಲಿ, ಅಂದರೆ ಮೂರು ಗುಂಡಿಯವರೆಗಿನ ಆಟದಲ್ಲಿ, ಆರು ಚೆಂಡು ಕಳೆದೆ. ಅದರ ಮೇಲೆ ಹುಲ್ಲಿನ ಮೇಲೆ ಹೊಡೆದಾಗಲೆಲ್ಲ ಕ್ಲಬ್ ಚೆಂಡಿನ ಹಿಂದೆಯೇ ಮಣ್ಣಿಗೆ ಹೊಕ್ಕುತ್ತಿತ್ತು. ಮ್ಯಾಟ್ ಮೇಲೆ ಈ ತಪ್ಪು ಗೊತ್ತೇ ಆಗುವುದಿಲ್ಲ, ಕ್ಲಬ್ ಹಿಂದೆ ಬಿದ್ದರೂ ಜಾರಿಕೊಂಡು ಬಂದು ಚೆಂಡಿಗೆ ತಾಗುತ್ತದೆ. ಹಿಂದಿನ ಗುಂಪಿನವರು ಸೊಂಟದ ಮೇಲೆ ಕೈ ಇಟ್ಟುಕೊಂಡು ಕಾಯುತ್ತಾ ನಿಂತಿದ್ದರು. ನಾಲ್ಕನೇ ಹೋಲ್‌ನಿಂದ ನಾನು ಆಡಲಿಲ್ಲ, ಸುಮ್ನೆ ಬ್ಯಾಗ್ ಹಿಡಿದು ಜೊತೆಗೆ ನಡೆದೆ. ಆಫೀಸಿನ ಆ ಮೂವರೂ ನನ್ನ ವಿಡಿಯೊ ನೋಡಿದ್ದವರು. ಯಾರೂ ಏನೂ ಅನ್ನಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ.

ರಾತ್ರಿ ಕೋಚ್‌ಗೆ ಮೆಸೇಜ್ ಮಾಡಿದೆ. "ಫಸ್ಟ್ ಟೈಮ್ ಎಲ್ಲರಿಗೂ ಹಂಗೇ ಮೇಡಂ, ನರ್ವಸ್ ಆಗಿದ್ದೀರ." ಇಲ್ಲ, ಒಂದೊಂದೂ ಬಲಕ್ಕೇ ಹೋಯಿತು ಅಂದೆ. "ನೀವು ಮನೆಯಲ್ಲಿ ಪ್ರಾಕ್ಟೀಸ್ ಮಾಡ್ತಿಲ್ಲ ಅನ್ಸುತ್ತೆ." ದಿನಾ ಟೆರೇಸ್ ಮೇಲೆ ಅರ್ಧ ಗಂಟೆ ಬೀಸುತ್ತಿದ್ದವಳಿಗೆ ಈ ಮಾತು!

ಹದಿನಾಲ್ಕನೇ ಪಾಠದ ದಿನ ಗೊತ್ತಾಯಿತು. ಕೋಚ್ ಎಂದಿನಂತೆ ಕೋಲು ಇಟ್ಟು ಫೋನ್‌ಗೆ ಹೋಗಿದ್ದರು. ಪಕ್ಕದ ಬೇಯಲ್ಲಿ (ಒಬ್ಬೊಬ್ಬರು ನಿಂತು ಹೊಡೆಯುವ ಜಾಗ) ಕೊಡಗಿನ ಕಡೆಯ ಹಿರಿಯರೊಬ್ಬರು, ಮಿಲಿಟರಿಯಿಂದ ರಿಟೈರ್ ಆದವರು, ಸ್ವಲ್ಪ ಹೊತ್ತು ನೋಡುತ್ತಿದ್ದರು. "ತಪ್ಪು ತಿಳ್ಕೋಬೇಡಮ್ಮ, ನೀನು ಯಾವ ಬಾವುಟಕ್ಕೆ ಹೊಡೀತಿದ್ದೀಯ?" ಅಂದರು. ಆ ನಡುವಿನ ಕೆಂಪು ಬಾವುಟಕ್ಕೆ ಅಂದೆ. "ನಿಂತಲ್ಲಿಂದ ಹಿಂದೆ ಬಾ, ಕೋಲಿನ ನೇರಕ್ಕೆ ನಿಂತು ನೋಡು."

ಹಿಂದೆ ಹೋಗಿ ನೋಡಿದೆ. ಕೋಲು ಬಾವುಟದ ಕಡೆ ಇರಲೇ ಇಲ್ಲ. ಎಡಗಡೆ ಕೊನೆಯ ಲೈಟ್ ಕಂಬದ ಕಡೆ ಇತ್ತು.

ನಾನು ಎಡಗಡೆ ಕಂಬ ನೋಡಿ ನಿಂತು ಹೊಡೆಯುತ್ತಿದ್ದೆ, ನನ್ನ ಸ್ಲೈಸ್ ಅದನ್ನು ಬಲಕ್ಕೆ ತಿರುಗಿಸಿ ಬಾವುಟದ ಹತ್ತಿರ ತಂದು ಹಾಕುತ್ತಿತ್ತು. ಸ್ಲೈಸ್ ಹೋಗಿರಲೇ ಇಲ್ಲ! ಒಂದು ದಿನವೂ ಹೋಗಿರಲಿಲ್ಲ. ನನ್ನ ಸ್ವಿಂಗ್, ಅಂದರೆ ಕ್ಲಬ್ ಬೀಸುವ ರೀತಿ, ತಿದ್ದುವ ಬದಲು ನನ್ನ ಕಾಲು ತಿರುಗಿಸಿ ನಿಲ್ಲಿಸಿದ್ದರು. ಆ ಹಿರಿಯರು ಇನ್ನೊಂದು ಮಾತು ಹೇಳಿದರು, ಹೀಗೆ ಎಡಕ್ಕೆ ನಿಂತಷ್ಟೂ ಕ್ಲಬ್ ಹೊರಗಿಂದ ಒಳಗೆ ಅಡ್ಡ ಎಳೆಯುವ ಚಾಳಿ ಇನ್ನೂ ಗಟ್ಟಿಯಾಗುತ್ತದೆ, ಸ್ಲೈಸ್ ಜಾಸ್ತಿಯೇ ಆಗುತ್ತದೆ ಅಂತ. ಅಂದರೆ ದುಡ್ಡು ಕೊಟ್ಟು ತಪ್ಪನ್ನೇ ಕಲಿತೆ ನಾನು. ಕೈ ನಡುಗುತ್ತಿತ್ತು. ಆ ವಿಡಿಯೊ, ನೆಂಟರು ಹಾಕಿದ ಹಾರೈಕೆ, ಎಲ್ಲಾ ಒಟ್ಟಿಗೇ ನೆನಪಾಯಿತು.

ಕೋಚ್ ಬಂದ ಮೇಲೆ ಕೇಳಿದೆ. "ಅದು ಕಾಂಪೆನ್ಸೇಶನ್ ಮೇಡಂ, ಪ್ರೊಗಳೂ ಮಾಡ್ತಾರೆ" ಅಂದರು. ಅಂದರೆ ಚೆಂಡು ಬಲಕ್ಕೆ ತಿರುಗುತ್ತದೆ ಅಂತ ಮೊದಲೇ ಎಡಕ್ಕೆ ನಿಂತು ಸರಿದೂಗಿಸುವುದು. ಹಾಗಿದ್ದರೆ ನನಗೆ ಯಾಕೆ ಹೇಳಲಿಲ್ಲ? "ಹೇಳಿದ್ರೆ ನಿಮ್ಮ ಕಾನ್ಫಿಡೆನ್ಸ್ ಹೋಗುತ್ತೆ." ಮತ್ತೆ ಸ್ಲೈಸ್ ಹೋಯ್ತು ಅಂತ ಯಾಕೆ ಹೇಳಿದಿರಿ? ಉತ್ತರ ಇಲ್ಲ. ಉಳಿದ ಆರು ಪಾಠದ 10,800 ವಾಪಸ್ ಕೊಡಿ ಅಂದೆ. ಆಗ ನೋಡಿ ಮಾತು ಬದಲಾಗಿದ್ದು. "ಪ್ಯಾಕೇಜ್‌ಗೆ ರೀಫಂಡ್ ಇರಲ್ಲ ಮೇಡಂ. ನಿಜ ಹೇಳ್ಬೇಕು ಅಂದ್ರೆ ಲೇಡೀಸ್‌ಗೆ, ಅದೂ ಈ ವಯಸ್ಸಲ್ಲಿ, ಇಷ್ಟು ಬಂದಿದ್ದೇ ದೊಡ್ಡದು."

ಲೇಡೀಸ್‌ಗೆ ಇಷ್ಟೇ ಅಂತೆ. ಅದಿತಿ ಅಶೋಕ್ ಆಡಿ ಬೆಳೆದ ಊರಲ್ಲಿ ನಿಂತುಕೊಂಡು ಹೇಳುವ ಮಾತಾ ಇದು? ನನಗೆ 46. ಕಲಿಸಿದ್ದರೆ ಕಲಿಯುತ್ತಿದ್ದೆ.

ಕಲಿತೂ ಇದ್ದೇನೆ. ಈಗ ಬೇರೆ ಒಬ್ಬರ ಹತ್ತಿರ ಹೋಗುತ್ತಿದ್ದೇನೆ, ಒಂದು ಪಾಠಕ್ಕೆ ಒಂದು ಸಲ ದುಡ್ಡು. ಅವರು ಮೊದಲು ನೋಡಿದ್ದು ನನ್ನ ಎಡಗೈ. ಹಿಡಿತದಲ್ಲಿ ಮೇಲಿಂದ ನೋಡಿದರೆ ಒಂದೇ ಗೆಣ್ಣು ಕಾಣುತ್ತಿತ್ತು, ಎರಡೂವರೆ ಕಾಣುವ ಹಾಗೆ ತಿರುಗಿಸಿದರು. ಕ್ಲಬ್ಬಿನ ಮುಖ ತೆರೆದುಕೊಂಡೇ, ಅಂದರೆ ಬಲಕ್ಕೆ ವಾಲಿಯೇ, ಚೆಂಡಿಗೆ ತಾಗುತ್ತಿತ್ತು, ಅದಕ್ಕೇ ಚೆಂಡು ಬಲಕ್ಕೆ ತಿರುಗುತ್ತಿತ್ತು ಅಂದರು. ಚೆಂಡಿನ ಆಚೆ ಬದಿಗೆ ಖಾಲಿ ನೀರಿನ ಬಾಟಲಿ ಇಟ್ಟು, ಅದಕ್ಕೆ ತಾಗದ ಹಾಗೆ ಹೊಡೆಯಿರಿ ಅಂದರು. ಮೊದಲ ದಿನ ಬಾಟಲಿ ಎಷ್ಟು ಸಲ ಹಾರಿತೋ ಲೆಕ್ಕವಿಲ್ಲ. ಸೊಂಟದಿಂದ ಸೊಂಟಕ್ಕೆ ಅರ್ಧ ಸ್ವಿಂಗ್ ಮಾತ್ರ, ಮೂರು ವಾರ. ಈಗ ಹತ್ತರಲ್ಲಿ ಆರು ಚೆಂಡು ನೇರ ಹೋಗುತ್ತದೆ, ಕೋಲು ನಾನೇ ಇಡುತ್ತೇನೆ. ಮೂರು ವಾರದ ಕೆಲಸ ಇದು, ನಾಲ್ಕು ತಿಂಗಳಲ್ಲಿ ಯಾಕೆ ಆಗಲಿಲ್ಲ?

ಆ ಸೆಟ್ಟನ್ನೂ ಇವರೇ ನೋಡಿದರು. ಶಾಫ್ಟ್, ಅಂದರೆ ಕ್ಲಬ್ಬಿನ ಉದ್ದ ಕಡ್ಡಿ, ಅದರ ಮೇಲೆ "ಎಸ್" ಅಂತ ಇದೆ, ಅಂದರೆ ಸ್ಟಿಫ್, ಹೆಚ್ಚು ಬಳುಕದ್ದು, ಜೋರಾಗಿ ಬೀಸುವ ಗಂಡಸರಿಗೆ ಆಗುವಂಥದ್ದು. ಉದ್ದವೂ ಗಂಡಸರದ್ದೇ. ಗ್ರಿಪ್, ಅಂದರೆ ಕೈ ಹಿಡಿಯುವ ಭಾಗ ಮಾತ್ರ ಹೊಸದು, ಐರನ್ ಅನ್ನುವ ಲೋಹದ ತಲೆಯ ಕ್ಲಬ್‌ಗಳ ಮುಖದ ಗೆರೆ ಸವೆದುಹೋಗಿದೆ. ಹಳೆಯ ಸೆಟ್ಟಿಗೆ ಹೊಸ ಗ್ರಿಪ್ ಹಾಕಿ ನನಗೆ ಕಟ್ಟಿದ್ದಾರೆ.

ನೀವು ಇಷ್ಟು ಮಾಡಿ. ಒಂದೊಂದೇ ಪಾಠಕ್ಕೆ ದುಡ್ಡು ಕೊಡಿ, ಜಾಸ್ತಿ ಆದರೂ ಪರವಾಗಿಲ್ಲ. ನ್ಯಾಷನಲ್ ಗಾಲ್ಫ್ ಅಕಾಡೆಮಿ ಆಫ್ ಇಂಡಿಯಾ ಕೋಚ್‌ಗಳಿಗೆ ಸರ್ಟಿಫಿಕೇಟ್ ಕೊಡುತ್ತದೆ, ಅದು ಇದೆಯಾ ಅಂತ ಬಾಯಿಬಿಟ್ಟು ಕೇಳಿ, ನಾನು ನಾಚಿಕೊಂಡು ಕೇಳಲಿಲ್ಲ. ಕೋಚ್ ಹತ್ತಿರ ಕ್ಲಬ್ ಕೊಳ್ಳಲೇಬೇಡಿ. ಕೋಲು ಯಾರೇ ಇಡಲಿ, ಹಿಂದೆ ಹೋಗಿ ನಿಮ್ಮ ಕಣ್ಣಲ್ಲಿ ನೋಡಿ. ರಸೀದಿ ಇಲ್ಲದೆ ಒಂದು ರೂಪಾಯಿ ಬೇಡ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದಾಗ ನನ್ನ ಹತ್ತಿರ ಇದ್ದದ್ದು ಯುಪಿಐ ದಾಖಲೆ ಮತ್ತು ಆ "ರಿಸೀವ್ಡ್ ಮೇಡಂ" ಮಾತ್ರ.

ಹೋದ ಭಾನುವಾರ ದುಡ್ಡು ಕೇಳೋಕೆ ಇನ್ನೊಂದು ಸಲ ಹೋಗಿದ್ದೆ. ಕೋಚ್ ಸಿಗಲಿಲ್ಲ, ಫೋನಲ್ಲಿದ್ದಾರೆ ಅಂದರು. ನಾನು ನಿಲ್ಲುತ್ತಿದ್ದ ಅದೇ ಬೇಯಲ್ಲಿ ಕಾಲೇಜು ಹುಡುಗಿಯೊಬ್ಬಳು ಹೊಡೆಯುತ್ತಿದ್ದಳು. ಕಾಲ ಬಳಿ ಅದೇ ಕೆಂಪು ಕೋಲು, ಅದೇ ಲೈಟ್ ಕಂಬದ ಕಡೆಗೆ. "ಒಂದು ನಿಮಿಷ ಹಿಂದೆ ಬಂದು ನೋಡಮ್ಮ" ಅಂದೆ. ಬಂದು ನೋಡಿದಳು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಆಂಟಿ, ನಾನು ನಿನ್ನೆ ತಾನೇ ಪೂರ್ತಿ ದುಡ್ಡು ಕಟ್ಟಿದೆ" ಅಂದಳು.