ಹಾಕಿ, ಹಗ್ಗ, ರೇಸ್ ಕಾರು: ಯಾವ ಪ್ರೇಮಕಥೆ ನಿದ್ದೆ ಕೆಡಿಸುತ್ತದೆ?

ರೊಮ್ಯಾನ್ಸ್ ಕಾದಂಬರಿಯ ಕೊನೆ ಎಲ್ಲರಿಗೂ ಮೊದಲೇ ಗೊತ್ತು. ಇಬ್ಬರೂ ಒಂದಾಗುತ್ತಾರೆ. ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ ಎಂಬ ಲೇಖಕರ ಸಂಘ ಇದನ್ನೇ ವ್ಯಾಖ್ಯೆಯಾಗಿ ಬರೆದಿಟ್ಟಿತ್ತು: ಕಥೆಯ ಕೇಂದ್ರದಲ್ಲಿ ಪ್ರೇಮ ಇರಬೇಕು, ಕೊನೆ ಮನಸ್ಸಿಗೆ ಹಿಡಿಸುವಂತಿರಬೇಕು, ಭರವಸೆ ಉಳಿಸಬೇಕು. ಸರಿ, ಹಾಗಾದರೆ 400 ಪುಟ ಯಾಕೆ ಓದಬೇಕು? ಕೊನೆ ಗೊತ್ತಿದ್ದೂ ಎದೆ ಡವಡವ ಅನ್ನಬೇಕಾದರೆ, ಗೊತ್ತಿಲ್ಲದ ಇನ್ನೊಂದೇನೋ ಕಥೆಯೊಳಗೆ ಇರಬೇಕು. ಆಟ, ಸಾಹಸ ಇರುವ ಪ್ರೇಮಕಥೆಗಳ ಸೆಳೆತ ಅಲ್ಲೇ ಇದೆ ಅನ್ನುವುದು ನನ್ನ ಲೆಕ್ಕ. ಹುಡುಗ ಸಿಗುವುದು ಖಾತ್ರಿ. ಕಪ್ ಸಿಗುವುದು ಖಾತ್ರಿ ಇಲ್ಲ.

ಕೆಲವು ವರ್ಷಗಳಿಂದ ಇಂಥ ಕಾದಂಬರಿಗಳನ್ನು ಒಂದಾದ ಮೇಲೊಂದು ಓದುತ್ತಾ ಬಂದಿದ್ದೇನೆ. ಒಂದು ಪುಸ್ತಕ ಮುಗಿದ ಮೇಲೆ ನಾನು ಕೇಳಿಕೊಳ್ಳುವುದು ಇಷ್ಟೇ: ಈ ಕಥೆಯಿಂದ ಆಟವನ್ನು ತೆಗೆದು, ನಾಯಕನನ್ನು ಯಾವುದೋ ಕಂಪನಿಯ ಮಾಲೀಕನನ್ನಾಗಿ ಮಾಡಿದರೆ ಏನಾದರೂ ಕೆಡುತ್ತದಾ? ಏನೂ ಕೆಡದಿದ್ದರೆ ಆಟ ಬರೀ ವೇಷ.

ಐಸ್ ಹಾಕಿಯಿಂದಲೇ ಶುರು ಮಾಡಬೇಕು, ಯಾಕೆಂದರೆ ಈ ಬಗೆಯಲ್ಲಿ ಅದರದ್ದೇ ದರ್ಬಾರು. ಹಾಕಿ ಎಂದ ಕೂಡಲೇ ಹುಲ್ಲಿನ ಮೈದಾನ ನೆನಪಾಗುವವರಿಗೆ ಇದು ಬೇರೆಯೇ ಆಟ. ಮಂಜುಗಡ್ಡೆಯ ಮೇಲೆ ಗೋಲು ಕಾಯುವ ಗೋಲಿಯೂ ಸೇರಿ ತಂಡಕ್ಕೆ ಆರು ಜನ, ಚೆಂಡಿನ ಬದಲು ಪಕ್ ಎಂಬ ಒಂದು ರಬ್ಬರ್ ಬಿಲ್ಲೆ, 20 ನಿಮಿಷದ ಮೂರು ಅವಧಿ. ಒಂದು ಪಂದ್ಯವನ್ನೂ ನೋಡದೆ ನಾನು ಈ ಕಾದಂಬರಿಗಳಿಗೆ ಕೈ ಹಾಕಿದ್ದೆ. ಏನೂ ತೊಂದರೆ ಆಗಲಿಲ್ಲ. ಆಟ ಅರ್ಥವಾಗುವ ಮೊದಲೇ ತಂಡ ಅರ್ಥವಾಗಿಬಿಡುತ್ತದೆ.

ಹಾಕಿಯ ಗುಟ್ಟು ಇರುವುದೇ ತಂಡದಲ್ಲಿ. ಉತ್ತರ ಅಮೆರಿಕದ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಒಂದು ತಂಡದ ಪಟ್ಟಿಯಲ್ಲಿ 23 ಜನರವರೆಗೆ ಇರಬಹುದು. ಕಾದಂಬರಿ ಬರೆಯುವವರಿಗೆ ಇದಕ್ಕಿಂತ ಏನು ಬೇಕು? ಮೊದಲ ಪುಸ್ತಕದಲ್ಲಿ ಬಸ್ಸಿನ ಹಿಂದಿನ ಸೀಟಲ್ಲಿ ಕೂತು ಕಾಲೆಳೆಯುತ್ತಿದ್ದವನು ಮೂರನೇ ಪುಸ್ತಕದ ನಾಯಕ. ಮಾತೇ ಆಡದ ಡಿಫೆನ್ಸ್‌ಮನ್ ಐದನೆಯದಕ್ಕೆ. ಹಳೆಯ ಜೋಡಿ ಹೊಸ ಪುಸ್ತಕದಲ್ಲಿ ಮಗು ಎತ್ತಿಕೊಂಡು ಬಂದು ನಿಲ್ಲುತ್ತದೆ. ನೀವು ಒಂದು ಪ್ರೇಮಕಥೆ ಓದುತ್ತಿಲ್ಲ, ಒಂದು ದೊಡ್ಡ ಮನೆಯೊಳಗೆ ಸೇರಿಕೊಂಡಿದ್ದೀರಿ. ಹಾಗಾಗಿ ಪುಸ್ತಕ ಸುಮಾರಾಗಿದ್ದರೂ ಸರಣಿ ಬಿಡಲು ಮನಸ್ಸು ಬರುವುದಿಲ್ಲ.

ಜೊತೆಗೆ ಆ ಲೋಕದ ನಿಜವಾದ ರೂಢಿಗಳೇ ಪ್ರೇಮಕಥೆಗೆ ಹೇಳಿ ಮಾಡಿಸಿದ ಹಾಗಿವೆ. ಒಂದು ಫೋನ್ ಬಂತೆಂದರೆ ಆಟಗಾರ ಬೇರೆ ಊರಿನ ತಂಡಕ್ಕೆ ಟ್ರೇಡ್ ಆಗಿಬಿಟ್ಟಿರುತ್ತಾನೆ. ಒಪ್ಪಂದದಲ್ಲಿ ಅದನ್ನು ತಡೆಯುವ ಷರತ್ತು ಇಲ್ಲದಿದ್ದರೆ ಅವನು ಬೇಡ ಅನ್ನುವ ಹಾಗಿಲ್ಲ. ಬೇರೆ ಬಗೆಯ ಕಾದಂಬರಿಗಳಲ್ಲಿ ಜೋಡಿಯನ್ನು ದೂರ ಮಾಡಲು ಲೇಖಕರು ಸುಮ್ನೆ ಒಂದು ತಪ್ಪು ತಿಳಿವಳಿಕೆ ಹುಟ್ಟಿಸಿ ಒದ್ದಾಡುತ್ತಾರೆ. ಇಲ್ಲಿ ಆ ಕೆಲಸ ಲೀಗೇ ಮಾಡಿಕೊಡುತ್ತದೆ. ಇನ್ನೊಂದು ರೂಢಿ ನನಗೆ ತುಂಬಾ ಇಷ್ಟ. ಯಾರಿಗಾದರೂ ಪೆಟ್ಟಾದರೆ ತಂಡಗಳು ಪೂರ್ತಿ ಹೇಳುವುದಿಲ್ಲ. ದೇಹದ ಮೇಲ್ಭಾಗದ ಗಾಯ, ಇಲ್ಲವೇ ಕೆಳಭಾಗದ ಗಾಯ. ಅಷ್ಟೇ ಪ್ರಕಟಣೆ. ನಾಯಕಿ ಆ ತಂಡದ ಫಿಸಿಯೋ ಆಗಿದ್ದರೆ? ಅವನ ಭುಜ ಎಷ್ಟು ಕೆಟ್ಟಿದೆ ಎಂದು ಲೋಕದಲ್ಲಿ ಅವಳಿಗೊಬ್ಬಳಿಗೇ ಗೊತ್ತು. ಆಡಿಸು ಎಂದು ಅವನು ಗೋಗರೆಯುತ್ತಾನೆ, ಆಡಬೇಡ ಎನ್ನುವುದು ಅವಳ ಕೆಲಸ. ಆಟ ತೆಗೆದರೆ ಈ ದೃಶ್ಯವೇ ಇಲ್ಲ.

ತಕರಾರೂ ಇದೆ. ಸೀಸನ್‌ನಲ್ಲಿ 80ಕ್ಕೂ ಹೆಚ್ಚು ಪಂದ್ಯ ಆಡುವ ತಂಡ ಕಾದಂಬರಿಯಲ್ಲಿ ಎರಡೇ ಪಂದ್ಯ ಆಡುತ್ತದೆ, ಎರಡರಲ್ಲೂ ಕೊನೇ ನಿಮಿಷಕ್ಕೆ ನಾಯಕನದ್ದೇ ಗೋಲು. ಮತ್ತೆ ಆ ಹೊಡೆದಾಟ. ನಾಯಕಿಯ ಬಗ್ಗೆ ಎದುರಾಳಿ ಏನೋ ಅಂದ, ಇವನು ಗ್ಲೌಸ್ ಕಿತ್ತೆಸೆದು ಗುದ್ದಿದ, ಅವಳು ಕರಗಿ ನೀರಾದಳು. ಹೊಡೆದಾಡಿದವನು ಐದು ನಿಮಿಷ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂರಬೇಕು. ಜಗಳ ತೆಗೆದವನು ಇವನೇ ಎಂದು ರೆಫರಿಗೆ ಅನ್ನಿಸಿದರೆ ಇನ್ನೂ ಎರಡು ನಿಮಿಷದ ಶಿಕ್ಷೆ, ಅಷ್ಟು ಹೊತ್ತು ತಂಡ ಒಬ್ಬ ಕಮ್ಮಿ ಇಟ್ಟುಕೊಂಡು ಆಡಬೇಕು. ಒಳ್ಳೆಯ ಲೇಖಕಿಯ ಕೈಯಲ್ಲಿ ಅವನು ಆಮೇಲೆ ಜೊತೆಗಾರರ ಮುಖ ನೋಡಲಾಗದೆ ಲಾಕರ್ ರೂಮಿನಲ್ಲಿ ಕೂತಿರುತ್ತಾನೆ. ಉಳಿದವರ ಕೈಯಲ್ಲಿ ನೇರ ಬೆಡ್‌ರೂಮಿಗೆ.

ಕಪ್ ಗೆಲ್ಲುವ ಕಥೆಗಳಲ್ಲಿ ಕೊನೇ ಅಧ್ಯಾಯಕ್ಕೂ ಒಂದು ನಿಜವಾದ ಸಂಪ್ರದಾಯ ಆಸರೆಯಾಗಿದೆ. 1995ರಿಂದ ಎನ್‌ಎಚ್‌ಎಲ್‌ನ ಸ್ಟಾನ್ಲಿ ಕಪ್ ಗೆದ್ದ ತಂಡದ ಒಬ್ಬೊಬ್ಬ ಆಟಗಾರನಿಗೂ ಒಂದು ದಿನ ಕಪ್ ಸಿಗುತ್ತದೆ, ಅದನ್ನು ಅವನು ತನಗೆ ಬೇಕಾದವರ ಬಳಿ ಒಯ್ಯಬಹುದು. ಯಾರ ಬಳಿ ಒಯ್ಯುತ್ತಾನೆ ಎನ್ನುವುದರಲ್ಲೇ ಕಥೆಯ ಅರ್ಧ ಉತ್ತರ ಇರುತ್ತದೆ, ಅಲ್ವಾ?

ಹಾಕಿಯ ಪಕ್ಕದಲ್ಲಿ ಫಾರ್ಮುಲಾ 1 ಇಟ್ಟು ನೋಡಿದರೆ ಎಲ್ಲವೂ ತಿರುಗುಮುರುಗು. ಅಲ್ಲಿ ತಂಡವೇ ಮನೆ, ಇಲ್ಲಿ ತಂಡದೊಳಗೇ ಶತ್ರು. ಒಂದು ತಂಡಕ್ಕೆ ಇಬ್ಬರೇ ಚಾಲಕರು, ಇಬ್ಬರಿಗೂ ಒಂದೇ ಬಗೆಯ ಕಾರು. ಸೋತರೆ ಕಾರು ಸರಿ ಇರಲಿಲ್ಲ ಎಂದು ಹೇಳಲು ಆಗದಿರುವುದು ಪಕ್ಕದ ಗ್ಯಾರೇಜಿನವನ ಮುಂದೆ ಮಾತ್ರ. ಪ್ರತಿಸ್ಪರ್ಧಿಗಳೇ ಪ್ರೇಮಿಗಳಾಗುವ ಕಥೆಗೆ ಇದಕ್ಕಿಂತ ಬಿಗಿಯಾದ ಜಾಗ ನನಗೆ ಬೇರೆಲ್ಲೂ ಕಂಡಿಲ್ಲ.

ಆದರೂ ನಾನು ಅರ್ಧಕ್ಕೇ ಬಿಟ್ಟ ಪುಸ್ತಕಗಳಲ್ಲಿ ಜಾಸ್ತಿ ಇರುವುದು ಇವೇ. ವಿಹಾರ ನೌಕೆ, ಪಾರ್ಟಿ, ಖಾಸಗಿ ವಿಮಾನ, ಮತ್ತೆ ಪಾರ್ಟಿ. 2024ರ ಸೀಸನ್‌ನಲ್ಲಿ 24 ರೇಸ್‌ಗಳಿದ್ದವು. ಅಷ್ಟು ಊರು ಸುತ್ತುವ ಲೋಕವನ್ನು ಕೈಯಲ್ಲಿಟ್ಟುಕೊಂಡು ಇವರು ಹೋಟೆಲಿನ ಕೋಣೆಯೊಂದನ್ನೇ ವರ್ಣಿಸುತ್ತಾರೆ. ಸೆಖೆ ಜೋರಿದ್ದ ಕಡೆ ಒಂದೇ ರೇಸಿನಲ್ಲಿ ಚಾಲಕನ ಮೈಯಿಂದ ಎರಡು ಮೂರು ಕಿಲೋ ತೂಕ ಬೆವರಾಗಿ ಹೋಗುತ್ತದೆ. ಇವರ ನಾಯಕ ಮಾತ್ರ ಹೆಲ್ಮೆಟ್ ತೆಗೆದಾಗ ಕೂದಲೂ ಕೆಡದೆ ನಿಂತಿರುತ್ತಾನೆ. ನನ್ನ ಪರೀಕ್ಷೆಯಲ್ಲಿ ಇಂಥವು ಫೇಲು.

ಪಾಸಾಗುವುದು ನಾಯಕಿ ರೇಸ್ ಎಂಜಿನಿಯರ್ ಆಗಿರುವ ಕಥೆಗಳು. ರೇಸ್ ಉದ್ದಕ್ಕೂ ಚಾಲಕನ ಕಿವಿಯಲ್ಲಿ ಇರುವುದು ಅವಳ ದನಿ. ಎದುರಿನವನು ಎಷ್ಟು ಸೆಕೆಂಡ್ ಮುಂದಿದ್ದಾನೆ, ಟೈರ್ ಯಾವಾಗ ಬದಲಿಸಬೇಕು, ಎಲ್ಲ ಅವಳೇ ಹೇಳಬೇಕು. ಆ ರೇಡಿಯೋ ಮಾತುಕತೆಯನ್ನು ಬೇರೆ ತಂಡಗಳೂ ಕೇಳಿಸಿಕೊಳ್ಳುತ್ತವೆ, ಟೀವಿಯಲ್ಲೂ ಹಾಕುತ್ತಾರೆ. ಹಿಂದಿನ ರಾತ್ರಿ ಜಗಳವಾಡಿದ ಇಬ್ಬರು ಲೋಕವೆಲ್ಲ ಕೇಳುತ್ತಿರುವಾಗ ಬರೀ ಟೈರಿನ ಬಗ್ಗೆ ಮಾತಾಡಬೇಕು. ಟೈರ್ ಬದಲಿಸಲು ಒಳಗೆ ಬಾ ಎನ್ನಲು ಅವಳು 'ಬಾಕ್ಸ್, ಬಾಕ್ಸ್' ಎಂದು ಎರಡು ಸಲ ಹೇಳುವುದರಲ್ಲೇ ಸಿಟ್ಟು ಇಳಿದಿದೆಯೋ ಇಲ್ಲವೋ ಅವನಿಗೆ ತಿಳಿದುಹೋಗುತ್ತದೆ. ಚಾಲಕಿಯೇ ನಾಯಕಿಯಾಗಿರುವ ಕಾದಂಬರಿಗಳೂ ಇವೆ. ಆ ವಿಷಯದಲ್ಲಿ ಕಾದಂಬರಿ ಟ್ರ್ಯಾಕಿಗಿಂತ ಎಷ್ಟೋ ಮುಂದಿದೆ. ಫಾರ್ಮುಲಾ 1ರಲ್ಲಿ ಅಂಕ ಪಡೆದ ಮಹಿಳೆ ಇಟಲಿಯ ಲೆಲ್ಲಾ ಲೊಂಬಾರ್ಡಿ ಒಬ್ಬರೇ, ಅದೂ 1975ರಲ್ಲಿ, ಅದೂ ಅರ್ಧ ಅಂಕ. ಸ್ಪೇನಿನ ಆ ರೇಸನ್ನು ನಡುವೆಯೇ ನಿಲ್ಲಿಸಿದ್ದರಿಂದ ಎಲ್ಲರಿಗೂ ಅರ್ಧರ್ಧವೇ ಸಿಕ್ಕಿತ್ತು.

ಇನ್ನು ಹಗ್ಗ. ಬಂಡೆ ಹತ್ತುವವರ ಪ್ರೇಮಕಥೆಗಳು ಹಾಕಿಯಷ್ಟು ಸಿಗುವುದಿಲ್ಲ, ಅಷ್ಟು ಓಡುವುದೂ ಇಲ್ಲ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೇಲು ಇವೇ. ಕಾರಣ ಒಂದು ಸಣ್ಣ ವಿಧಿ. ಹತ್ತುವ ಮೊದಲು ಇಬ್ಬರೂ ಒಬ್ಬರನ್ನೊಬ್ಬರು ತಪಾಸಣೆ ಮಾಡಬೇಕು. ಹತ್ತುವವಳ ಸೊಂಟದ ಹಾರ್ನೆಸ್‌ಗೆ ಹಗ್ಗ ಎಂಟರ ಆಕಾರದ ಗಂಟಿನಲ್ಲಿ ಸರಿಯಾಗಿ ಬಿದ್ದಿದೆಯಾ ಎಂದು ಅವನು ನೋಡಬೇಕು. ಕೆಳಗೆ ನಿಂತು ಹಗ್ಗ ಹಿಡಿಯುವುದಕ್ಕೆ ಬೆಲೇ ಅನ್ನುತ್ತಾರೆ; ಅವನ ಬೆಲೇ ಸಾಧನದಲ್ಲಿ ಹಗ್ಗ ಸರಿಯಾಗಿ ಹೋಗಿದೆಯಾ, ಕ್ಯಾರಾಬೀನರ್ ಎಂಬ ಲೋಹದ ಕೊಂಡಿ ಲಾಕ್ ಆಗಿದೆಯಾ ಎಂದು ಅವಳು ನೋಡಬೇಕು. ಆಮೇಲೆ ಮಾತು, ಮೊದಲು ಅವಳದ್ದು, ಉತ್ತರ ಅವನದ್ದು.

'ಆನ್ ಬೆಲೇ?'

'ಬೆಲೇ ಆನ್.'

'ಕ್ಲೈಂಬಿಂಗ್.'

'ಕ್ಲೈಂಬ್ ಆನ್.'

ಈಗ ಇದನ್ನು ಮಾತು ಬಿಟ್ಟ ಇಬ್ಬರ ನಡುವೆ ಇಡಿ. ಅವಳಿಗೆ ಅವನ ಮುಖ ನೋಡಲು ಇಷ್ಟವಿಲ್ಲ. ಆದರೆ ಅವನ ಸೊಂಟದ ಹತ್ತಿರ ಬಗ್ಗಿ ಲಾಕ್ ತಿರುಗಿಸಿ ನೋಡಲೇಬೇಕು. ಅವನು ಅವಳ ಗಂಟನ್ನು ಎಳೆದು ನೋಡಲೇಬೇಕು. ಮುಟ್ಟದೆ ಗತಿಯಿಲ್ಲ, ಮುಟ್ಟಿದ್ದಕ್ಕೆ ಅರ್ಥ ಹಚ್ಚುವ ಹಾಗೂ ಇಲ್ಲ. ಅವಳು ಮೇಲೆ ಹೋದಂತೆ ಅವನು ಕತ್ತು ಎತ್ತಿ ಹಗ್ಗ ಬಿಡುತ್ತಾ ಹೋಗುತ್ತಾನೆ. ಜಾಸ್ತಿ ಬಿಟ್ಟರೆ ಬಿದ್ದಾಗ ತುಂಬಾ ಕೆಳಗೆ ಬರುತ್ತಾಳೆ, ಕಮ್ಮಿ ಬಿಟ್ಟರೆ ಮುಂದಿನ ಹಿಡಿತಕ್ಕೆ ಕೈ ಎಟುಕುವುದಿಲ್ಲ. ಸಲಿಗೆ ಎಷ್ಟು, ಬಿಗಿ ಎಷ್ಟು ಎಂದು ಅವನು ಅವಳ ಮೈಯ ಚಲನೆ ನೋಡಿಯೇ ಕಲಿಯಬೇಕು. 'ನಿನ್ನನ್ನು ನಂಬುತ್ತೇನೆ' ಎಂಬ ಮಾತನ್ನು ಬೇರೆ ಕಾದಂಬರಿಗಳು ಮೂರು ಪುಟ ಬರೆಯುತ್ತವೆ. ಇಲ್ಲಿ ಅವಳು ಹಿಡಿತ ಬಿಟ್ಟು ಹಗ್ಗಕ್ಕೆ ಭಾರ ಹಾಕಿದರೆ ಸಾಕು.

ಸಾಹಸದ ಕಥೆಗಳು ಯಾಕೆ ಇಷ್ಟು ಬೇಗ ಹಿಡಿದುಕೊಳ್ಳುತ್ತವೆ ಎಂಬುದಕ್ಕೆ ಡಟನ್ ಮತ್ತು ಆರನ್ ಎಂಬ ಮನಶ್ಶಾಸ್ತ್ರಜ್ಞರ 1974ರ ಪ್ರಯೋಗವನ್ನು ಜನ ಎತ್ತುತ್ತಾರೆ. ಕೆನಡಾದ ಕ್ಯಾಪಿಲಾನೋ ಕಣಿವೆಯ ಮೇಲೆ, ಸುಮಾರು 70 ಮೀಟರ್ ಎತ್ತರದಲ್ಲಿ ತೂಗಾಡುವ ಸೇತುವೆ ದಾಟಿದ ಗಂಡಸರನ್ನು ಒಬ್ಬ ಯುವತಿ ಮಾತಾಡಿಸಿ ತನ್ನ ನಂಬರ್ ಕೊಟ್ಟಳು. ಅಲ್ಲಾಡದ, ತಗ್ಗಾದ ಸೇತುವೆ ದಾಟಿದವರಿಗಿಂತ ಇವರಲ್ಲೇ ಜಾಸ್ತಿ ಜನ ಆಮೇಲೆ ಫೋನ್ ಮಾಡಿದರು. ಹೆದರಿಕೆಯ ಎದೆಬಡಿತವನ್ನು ಸೆಳೆತ ಎಂದುಕೊಂಡರು ಎನ್ನುವುದು ಸಂಶೋಧಕರ ವಿವರಣೆ. ಸಾಹಸ ಕಾದಂಬರಿಗಳ ಮೊದಲ ನೂರು ಪುಟ ಬಹುಮಟ್ಟಿಗೆ ಈ ಸೇತುವೆಯ ಮೇಲೇ ನಡೆಯುತ್ತವೆ. ಹಿಮಪಾತ, ಒಂದೇ ಟೆಂಟು, ಒಂದೇ ಸ್ಲೀಪಿಂಗ್ ಬ್ಯಾಗು, ಹಿಂದೆಯೇ ಮುತ್ತು. ನೆಲಕ್ಕೆ ಇಳಿದ ಮೇಲೂ ಆ ಎದೆಬಡಿತ ಉಳಿಯುತ್ತದಾ? ಆ ಪ್ರಶ್ನೆಯನ್ನು ಕಾದಂಬರಿಯೇ ಕೇಳಿಕೊಂಡರೆ ನನಗೆ ಲೇಖಕಿಯ ಮೇಲೆ ವಿಶ್ವಾಸ ಹುಟ್ಟುತ್ತದೆ.

ಎತ್ತರದ ಪರ್ವತಗಳ ಕಥೆಗಳು ಎಡವುವುದು ಇಲ್ಲೇ. 8,000 ಮೀಟರ್ ಮೇಲೆ ಯಾರೂ ಚೆಂದ ಕಾಣುವುದಿಲ್ಲ. ತಲೆನೋವು, ವಾಂತಿ, ಒಣಕೆಮ್ಮು, ಒಡೆದ ತುಟಿ. ಎವರೆಸ್ಟ್ ತುದಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಒಂದು ಭಾಗದಷ್ಟೇ. ಅಲ್ಲಿ ನಿಂತು ಉದ್ದುದ್ದ ಡೈಲಾಗ್ ಹೊಡೆಯುವ ನಾಯಕನನ್ನು ಕಂಡರೆ ನಗು ಬರುತ್ತದೆ. ಎಲ್ಲ ಭಾರ ಹೊತ್ತು, ಹಗ್ಗ ಕಟ್ಟಿ ದಾರಿ ಮಾಡಿದ ಶೆರ್ಪಾಗಳು ಕಥೆಯಲ್ಲಿ ಚಹಾ ತಂದುಕೊಡಲು ಮಾತ್ರ ಬರುತ್ತಾರೆ ಎಂಬುದು ಇನ್ನೂ ದೊಡ್ಡ ಸಿಟ್ಟು.

ಚೆನ್ನಾಗಿರುವ ಪರ್ವತ ಕಥೆಗಳಲ್ಲಿ ಪ್ರೀತಿ ಬೆಳೆಯುವುದು ಬೇಸ್ ಕ್ಯಾಂಪಿನಲ್ಲಿ, ಕಾಯುವಾಗ. ಮೈ ಎತ್ತರಕ್ಕೆ ಹೊಂದಿಕೊಳ್ಳಲು ವಾರಗಟ್ಟಲೆ ಬೇಕು, ಹವಾಮಾನ ತೆರೆದುಕೊಳ್ಳಲು ಇನ್ನಷ್ಟು ದಿನ. ಹರಟೆ, ಇಸ್ಪೀಟು, ಸಣ್ಣಪುಟ್ಟ ಕಿರಿಕಿರಿ. ಆಮೇಲೆ ಹಿಂತಿರುಗುವ ಗಡುವು ಎಂಬುದೊಂದಿದೆ: ಇಷ್ಟು ಗಂಟೆಯೊಳಗೆ ತುದಿ ಮುಟ್ಟದಿದ್ದರೆ, ಎಷ್ಟೇ ಹತ್ತಿರ ಇದ್ದರೂ ವಾಪಸ್. ವರ್ಷಗಟ್ಟಲೆ ಕನಸು ಕಂಡವಳಿಗೆ ಹಿಂದೆ ತಿರುಗು ಎಂದು ಹೇಳುವವನು ಅವಳನ್ನು ಪ್ರೀತಿಸುವವನೇ ಆಗಿದ್ದರೆ, ಅವಳು ಅದನ್ನು ಹೇಗೆ ಮರೆಯುತ್ತಾಳೆ? ಶಿಖರ ಸಿಗದೆ ಹುಡುಗ ಮಾತ್ರ ಸಿಗುವ ಕಾದಂಬರಿಗಳು ಕಮ್ಮಿ. ಸಿಕ್ಕಿದವನ್ನು ನಾನು ಎರಡೆರಡು ಸಲ ಓದಿದ್ದೇನೆ.

ದೂರದ ಕಾಲುದಾರಿಯ ಕಥೆಗಳು ಅವಸರ ಇಲ್ಲದವರಿಗೆ. ಅಮೆರಿಕದ ಅಪಲೇಚಿಯನ್ ಟ್ರೇಲ್ ಸುಮಾರು 3,500 ಕಿಲೋಮೀಟರ್. ಒಂದೇ ಬಾರಿಗೆ ಪೂರ್ತಿ ನಡೆಯಲು ಹೆಚ್ಚಿನವರಿಗೆ ಐದರಿಂದ ಏಳು ತಿಂಗಳು ಬೇಕು. ಅಲ್ಲಿ ನಡೆಯುವವರು ನಿಜವಾದ ಹೆಸರು ಬಿಟ್ಟು ಟ್ರೇಲ್ ಹೆಸರು ಇಟ್ಟುಕೊಳ್ಳುತ್ತಾರೆ. ಹೆಸರೇ ಗೊತ್ತಿಲ್ಲದವನನ್ನು ಪ್ರೀತಿಸುವುದಕ್ಕೆ ಅಲ್ಲಿ ಯಾವ ನೆಪವೂ ಬೇಕಿಲ್ಲ. ಇಲ್ಲಿನ ನಿಜವಾದ ಜಗಳ ನಡಿಗೆಯ ವೇಗದ್ದು. ಅವನದ್ದು ಉದ್ದ ಹೆಜ್ಜೆ, ಅವಳ ಹಿಮ್ಮಡಿಯಲ್ಲಿ ಬೊಬ್ಬೆ. ಜೊತೆಗೆ ಇರಬೇಕೆಂದರೆ ಒಬ್ಬರು ನಿಧಾನ ಮಾಡಬೇಕು. ನಿಧಾನ ಮಾಡಿದರೆ ಚಳಿಗಾಲ ಬರುವುದರೊಳಗೆ ಉತ್ತರದ ತುದಿ ಮುಟ್ಟಲಾಗದು. ವಿಲನ್ ಯಾರೂ ಇಲ್ಲ. ನಡುವಿನ ಪುಟಗಳು ಮಾತ್ರ ಎಳೆದಾಡುತ್ತವೆ, ಅದನ್ನು ತಡೆದುಕೊಳ್ಳಬೇಕು.

ಟೆನಿಸ್ ಕಥೆಗಳು ಓದಲು ಸಲೀಸು, ಆದರೆ ಅಂಗಳದಲ್ಲಿ ಒಬ್ಬಳೇ ಇರುವುದರಿಂದ ಪ್ರೇಮ ಯಾವಾಗಲೂ ಗ್ಯಾಲರಿಯಲ್ಲೇ ಕೂತಿರುತ್ತದೆ. ಸರ್ಫಿಂಗ್ ಕಥೆಗಳಲ್ಲಿ ಬಿಸಿಲು, ಮೈಕಟ್ಟು ಬಿಟ್ಟರೆ ನನಗೆ ಹೆಚ್ಚೇನೂ ದಕ್ಕಲಿಲ್ಲ. ಐದು ದಿನ ಆಡುವ ಟೆಸ್ಟ್ ಕ್ರಿಕೆಟ್ ಇಟ್ಟುಕೊಂಡು, ಮಳೆಗೆ ಆಟ ನಿಂತ ಮಧ್ಯಾಹ್ನಗಳನ್ನು ಇಟ್ಟುಕೊಂಡು ಯಾರಾದರೂ ಒಂದು ಒಳ್ಳೆಯ ಪ್ರೇಮಕಾದಂಬರಿ ಬರೆಯಲಿ ಎಂದು ಕಾಯುತ್ತಿದ್ದೇನೆ.

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಹಾಕಿಯನ್ನೇ. ನಗು ಜಾಸ್ತಿ, ಜೊತೆಗಾರರು ಜಾಸ್ತಿ, ಒಂದು ಹಿಡಿಸಿದರೆ ಮುಂದೆ ಓದಲು ಇಡೀ ತಂಡವೇ ಇದೆ. ಪ್ರತಿಸ್ಪರ್ಧಿಗಳ ಕಥೆ ಬೇಕಾದವರು ಫಾರ್ಮುಲಾ 1 ಹಿಡಿಯಲಿ, ಆದರೆ ಮೊದಲ ಐವತ್ತು ಪುಟದೊಳಗೆ ಒಂದು ರೇಸೂ ಬರದಿದ್ದರೆ ಮುಲಾಜಿಲ್ಲದೆ ಕೆಳಗಿಡಲಿ. ಹಗ್ಗದ ಕಥೆಗಳನ್ನು ಹುಡುಕಿಯೇ ಓದಬೇಕು, ರಟ್ಟಿನ ಮೇಲೆ ಬೆಟ್ಟ ಇದ್ದ ಮಾತ್ರಕ್ಕೆ ಒಳಗೆ ಹಗ್ಗ ಇರುತ್ತದೆ ಎಂದೇನಿಲ್ಲ. ಅಂಥದ್ದು ಇನ್ನೊಂದು ಸಿಗುವವರೆಗೆ ನಾನು ಹಾಕಿ ಸರಣಿಯೊಂದರ ಗೋಲಿಯ ಪುಸ್ತಕ ಹಿಡಿದಿದ್ದೇನೆ. ಹಾಕಿಯಲ್ಲಿ ಗೋಲಿಗಳೆಂದರೆ ವಿಚಿತ್ರ ಮನುಷ್ಯರು ಎಂಬ ಹಳೆಯ ತಮಾಷೆ ಇದೆ. ಇವನಂತೂ ಪಂದ್ಯದ ದಿನ ಯಾರ ಹತ್ತಿರವೂ ಮಾತಾಡುವುದಿಲ್ಲ, ಮತ್ತು ನಾಯಕಿ ಅವನ ಸಂದರ್ಶನ ಮಾಡಲೇಬೇಕಾದ ವರದಿಗಾರ್ತಿ.