ಕೋಳಿ ಕೊಟ್ಟವರು ಗೂಡನ್ನೂ ಕೊಡಬೇಕಿತ್ತು

ಸುರಪುರ ತಾಲ್ಲೂಕಿನ ನಮ್ಮ ಊರಿನಲ್ಲಿ ನನ್ನದೊಂದು ಕಿರಾಣಿ ಅಂಗಡಿ ಇದೆ. ಎರಡು ವರ್ಷದಿಂದ ಒಂದು ಸ್ವಯಂಸೇವಾ ಸಂಸ್ಥೆ ಇಲ್ಲಿ ಬೇಸಾಯ, ಮಕ್ಕಳ ಊಟ, ಶುಚಿತ್ವ ಮೂರನ್ನೂ ಸೇರಿಸಿ ಕೆಲಸ ಮಾಡುತ್ತಿದೆ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಇವರಿಂದ ನನ್ನ ವ್ಯಾಪಾರಕ್ಕೆ ಪೆಟ್ಟು ಬಿದ್ದಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೊಟ್ಟೆಕಿಚ್ಚಿಗೆ ಅಂಕ ಕತ್ತರಿಸಿದಳು ಎನ್ನಬೇಡಿ.

ಮೊದಲ ದಿನ ಅಂಗನವಾಡಿಯಲ್ಲಿ ಮಕ್ಕಳ ಎಡತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆದರು. ಸುತ್ತಳತೆ 12.5 ಸೆಂ.ಮೀ. ದಾಟಿದರೆ ಹಸಿರು, ಮಗು ಪರವಾಗಿಲ್ಲ ಎಂದರ್ಥ; 11.5ಕ್ಕಿಂತ ಕಡಿಮೆಯಾದರೆ ಕೆಂಪು, ತೀರಾ ಸೊರಗಿದೆ ಎಂದರ್ಥ; ನಡುವೆ ಇದ್ದರೆ ಹಳದಿ, ಸೊರಗುತ್ತಿದೆ ಎಂದರ್ಥ. ಹನ್ನೊಂದು ತಿಂಗಳ ನನ್ನ ಮೊಮ್ಮಗನದು 12.1. ಅಂಗಡಿ ತುಂಬ ತಿನಿಸು ಇಟ್ಟುಕೊಂಡವಳ ಮೊಮ್ಮಗ ಹಳದಿಯೇ? ಪಟ್ಟಿಯೇ ಸರಿಯಿಲ್ಲ ಎಂದು ಜಗಳ ತೆಗೆದೆ. ಕಾರ್ಯಕರ್ತೆ ಮಾತಾಡದೆ ಇನ್ನೊಮ್ಮೆ ಸುತ್ತಿದಳು. ಮತ್ತೆ 12.1. ಬೆಳಿಗ್ಗೆ ಏನು ತಿನ್ನಿಸಿದಿರಿ ಎಂದು ಕೇಳಿದಳು. ಚಹಾದಲ್ಲಿ ಅದ್ದಿದ ಬಿಸ್ಕತ್ತು. ಚಹಾ ಕುಡಿದರೆ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ, ಲಿಂಬೆಹುಳಿ ಹಿಂಡಿದರೆ ಹತ್ತುತ್ತದಂತೆ. ಐವತ್ತು ವರ್ಷ ಬದುಕಿದ ಮೇಲೆ ತಿಳಿಯಿತು.

ಬೇಸಾಯದಲ್ಲಿ ನನಗೆ ಹಿಡಿಸಿದ್ದು ತೊಗರಿಯ ಲೆಕ್ಕ. ಜನವರಿಯಲ್ಲಿ ರಾಶಿಯಾದ ತೊಗರಿಯೆಲ್ಲ ಸಾಲಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಅದೇ ರೈತರ ಹೆಂಡಂದಿರು ನನ್ನ ಬಳಿ ಕಾಲು ಕಿಲೋ ಬೇಳೆಯನ್ನು ಉದ್ರಿ ಕೇಳುತ್ತಾರೆ. ಇವರು ಹತ್ತಿಯ ನಡುವೆ ತೊಗರಿ ಸಾಲು ಹಾಕಿಸಿದರು, ಮಾರುವ ಮುಂಚೆ ಒಂದು ಚೀಲ ಮನೆಗೆಂದು ಎತ್ತಿಡಿಸಿದರು. ನನ್ನ ಬೇಳೆ ವ್ಯಾಪಾರ ಅರ್ಧಕ್ಕೆ ಇಳಿಯಿತು. ಹಿತ್ತಲಿಗೆ ಪುಂಡಿ, ರಾಜಗಿರಿ, ಮೆಂತ್ಯೆ ಬೀಜ ಕೊಟ್ಟರು, ನುಗ್ಗೆ ಸಸಿ ಕೊಟ್ಟರು. ನಮ್ಮದು ಕಾಲುವೆಯ ಕಟ್ಟಕಡೆಯ ಊರು, ಬೇಸಿಗೆಯಲ್ಲಿ ಹನಿ ನೀರು ಬರುವುದಿಲ್ಲ. ಬಚ್ಚಲ ನೀರನ್ನೇ ಗಿಡಗಳಿಗೆ ತಿರುಗಿಸಿದ್ದರಿಂದ ನುಗ್ಗೆ ಉಳಿಯಿತು, ಮೆಂತ್ಯೆ ಒಣಗಿತು. ನುಗ್ಗೆಸೊಪ್ಪು ಮಗುವಿಗೆ ಉಷ್ಣ ಎಂದು ಸೊಸೆಯ ಕೈ ತಡೆದವಳು ನಾನೇ. ಅತ್ತೆಯಂದಿರನ್ನು ಕೂರಿಸಿಕೊಂಡು ಅಡುಗೆ ತೋರಿಸಿದ ಮೇಲೆ ಬಾಯಿ ಮುಚ್ಚಿದೆ: ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಕಿವುಚಿ, ಬೆಂದ ಸೊಪ್ಪು, ನುಣ್ಣಗೆ ಕುಟ್ಟಿದ ಶೇಂಗಾ ಪುಡಿ, ಮೇಲೆ ಒಂದು ಚಮಚ ಎಣ್ಣೆ. ಮೊಮ್ಮಗ ಬಟ್ಟಲು ಕಿತ್ತುಕೊಂಡ.

ಎಡವಿದ್ದು ಕೋಳಿಯಲ್ಲಿ. ಮನೆಗೆ ಗಿರಿರಾಜ ತಳಿಯ ಐದು ಕೋಳಿಮರಿ ಕೊಟ್ಟರು, ಮೊಟ್ಟೆ ಮಗುವಿಗೆ ಎಂದರು. ಗೂಡು ಬಂದದ್ದು ಐದು ತಿಂಗಳ ನಂತರ. ಅಷ್ಟರಲ್ಲಿ ಕೋಳಿಗಳು ಪಡಸಾಲೆಯನ್ನೇ ತಮ್ಮದಾಗಿ ಮಾಡಿಕೊಂಡಿದ್ದವು. ಒಂದು ಮಧ್ಯಾಹ್ನ ನೋಡುತ್ತೇನೆ, ಅಂಬೆಗಾಲಿಡುತ್ತಿದ್ದ ಮೊಮ್ಮಗ ನೆಲದ ಮೇಲಿನ ಹಿಕ್ಕೆಯನ್ನು ಎರಡೇ ಬೆರಳಿನಲ್ಲಿ ಜೋಪಾನವಾಗಿ ಎತ್ತಿ ಬಾಯಿಗಿಡುತ್ತಿದ್ದಾನೆ. ಆ ವಾರವೇ ಭೇದಿ. ಓಆರ್‌ಎಸ್ ಕುಡಿಸಿ, ಹದಿನಾಲ್ಕು ದಿನ ಜಿಂಕ್ ಮಾತ್ರೆ ಕರಗಿಸಿ ಕೊಟ್ಟೆವು. ತಿಂಗಳಿಡೀ ತಿನ್ನಿಸಿ ಏರಿಸಿದ ತೂಕವೆಲ್ಲ ಇಳಿದುಹೋಯಿತು. ಮಕ್ಕಳು ಕೊಳೆ ತಿಂದು ಮೇಲಿಂದ ಮೇಲೆ ಭೇದಿಯಾದರೆ ಎಷ್ಟು ಉಣಿಸಿದರೂ ಮೈಗೆ ಹತ್ತುವುದಿಲ್ಲ ಎಂದು ಸಭೆಯಲ್ಲಿ ಚಿತ್ರ ತೋರಿಸಿದವರೂ ಇವರೇ! ಕೋಳಿಯ ಗಾಡಿ ಒಬ್ಬರದು, ಶುಚಿತ್ವದ ಚಿತ್ರ ಇನ್ನೊಬ್ಬರದು. ಇಬ್ಬರೂ ಒಂದೇ ಕಚೇರಿಯವರು, ಒಬ್ಬರನ್ನೊಬ್ಬರು ಕೇಳಿರಲಿಲ್ಲ.

ಕೂಗಾಡಿದೆ. ಸಮಜಾಯಿಷಿ ಕೊಡದೆ ಗೂಡು ತಂದರು, ಮಗುವನ್ನು ಕೂರಿಸಲು ಚಾಪೆ ಕೊಟ್ಟರು. ಕಾಲಿನಲ್ಲಿ ಒತ್ತಿದರೆ ನೀರು ಸುರಿಯುವ ಡಬ್ಬಿಯನ್ನು ಕಕ್ಕಸಿನ ಪಕ್ಕ ಕಟ್ಟಿದರು. ಈರುಳ್ಳಿ ಚೀಲದ ಬಲೆಯಲ್ಲಿ ಸಾಬೂನು ತೂಗುತ್ತದೆ, ತೊಳೆದ ನೀರು ನುಗ್ಗೆ ಗಿಡಕ್ಕೆ ಹೋಗುತ್ತದೆ. ಇಡೀ ಯೋಜನೆಯಲ್ಲಿ ಬಳಕೆ ತಪ್ಪದ ವಸ್ತು ಇದೊಂದೇ.

ಇನ್ನೊಂದು ತಕರಾರು: ಹತ್ತಿ ಬಿಡಿಸುವ ಕಾಲದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ತಾಯಂದಿರ ಸಭೆ ಕರೆಯುತ್ತಿದ್ದರು. ಬಂದವರು ನಾವು ಮುದುಕಿಯರು. ಈಗ ರಾತ್ರಿ ಊಟದ ನಂತರ ಮಾಡುತ್ತಾರೆ. ಗಂಡಸರು ಇನ್ನೂ ಬರುವುದಿಲ್ಲ, ಬಂದರೂ ಬೀಜದ ಪೊಟ್ಟಣ ಹಿಡಿದು ಎದ್ದುಹೋಗುತ್ತಾರೆ.

ಮೊಮ್ಮಗನ ತೋಳು ಕಳೆದ ತಿಂಗಳು 13.2. ಐದು ರೂಪಾಯಿಯ ಬಿಸ್ಕತ್ತು ಮೊದಲಿನಷ್ಟು ಹೋಗುತ್ತಿಲ್ಲ, ಸಾಬೂನು ಪರವಾಗಿಲ್ಲ. ಇಂಥವರು ನಿಮ್ಮ ಊರಿಗೆ ಬಂದರೆ ಸೇರಿಕೊಳ್ಳಿ. ಗೂಡು ಇಳಿಸಿದ ಮೇಲೆಯೇ ಮರಿ ಇಳಿಸಿಕೊಳ್ಳಿ.